ಸೈಕಲ್ ಅಂಗಡಿ ಸುತ್ತೋಕೆ ಗೆಳೆಯರ ಜೊತೆ ಹೊರಟಿದ್ದೀರಾ? ಹೀಗೆ ಮಾಡಿ

ಸೈಕಲ್ ಕೊಳ್ಳಲು ಗೆಳೆಯರ ದಂಡು ಕಟ್ಟಿಕೊಂಡು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲ ಅಂಗಡಿಯಲ್ಲೇ ಒಬ್ಬ ‘ಈ ಕಪ್ಪುದು ಸಖತ್ತಾಗಿದೆ ಕಣೋ’ ಅನ್ನುತ್ತಾನೆ. ಉಳಿದವರು ಹೌದೌದು ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಬಿಲ್ ಆಗಿರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮಂಡಿನೋವು ಶುರು. ಸೈಕಲ್ ಮೆಟ್ಟಿಲ ಕೆಳಗೆ, ಅದರ ಹ್ಯಾಂಡಲ್ ಮೇಲೆ ಒಗೆದ ಬಟ್ಟೆ. ಒಂದು ದಿನ ಪೂರ್ತಿ ಸುತ್ತಿದರೆ ಈ ಗತಿ ಬರುವುದಿಲ್ಲ. ಆದರೆ ಸುಮ್ನೆ ಸುತ್ತಿದರೆ ಆಗದು.

ಹಿಂದಿನ ರಾತ್ರಿ: ಕಾಲಿನ ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ತೊಡೆಗಳ ಸಂದಿನಲ್ಲಿ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿಯಲು ಇನ್ನೊಬ್ಬರಿಗೆ ಹೇಳಿ. ಬಂದ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದಿದ್ದರೆ ಸುಮಾರು 70.6 ಸೆಂ.ಮೀ. ಎರಡೂ ಪೆಡಲಿನ ತೋಳುಗಳು ಸೇರಿ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ತಲೆಯವರೆಗೆ ಹೆಚ್ಚುಕಡಿಮೆ ಇಷ್ಟು ಎತ್ತರ ಇರಬೇಕು. ಪ್ಯಾಂಟಿನ ಅಳತೆ ಹೇಳಿದರೆ ಸಾಕು ಅಂದುಕೊಳ್ಳಬೇಡಿ, ಅದು ಬೇರೆ ಲೆಕ್ಕ.

ಯಾರು ಬರಬೇಕು? ನಿಮ್ಮ ಜೊತೆ ಇಬ್ಬರು ಸಾಕು, ಮೂವರು ಜಾಸ್ತಿಯೇ. ಒಬ್ಬರ ಕೈಯಲ್ಲಿ ನೋಟ್‌ಬುಕ್, ಇನ್ನೊಬ್ಬರ ಕೈಯಲ್ಲಿ ಫೋನ್. ಸೈಕಲ್ ಬಗ್ಗೆ ಎಲ್ಲಾ ಗೊತ್ತು ಅನ್ನುವ ಗೆಳೆಯನನ್ನು ಮನೆಯಲ್ಲೇ ಬಿಡಿ. ಅವನು ತನಗೆ ಬೇಕಾದ ಸೈಕಲನ್ನು ನಿಮ್ಮಿಂದ ಕೊಳ್ಳಿಸುತ್ತಾನೆ.

ಎಷ್ಟು ಅಂಗಡಿ? ನಾಲ್ಕು. ರಜಾದಿನ ಬೇಡ. ನಾಲ್ಕೂ ಮುಗಿಯುವ ತನಕ ಯಾರೂ ಪರ್ಸ್ ತೆಗೆಯಬಾರದು. ನಿಮಗೆ ತುಂಬ ಇಷ್ಟವಾಗಬಹುದು ಅನ್ನಿಸುವ ಅಂಗಡಿಗೆ ಕೊನೆಗೆ ಹೋಗಿ. ಅಷ್ಟು ಹೊತ್ತಿಗೆ ಕಣ್ಣು ಪಳಗಿರುತ್ತದೆ.

ಓಡಿಸಿ ನೋಡುವುದು. ಎಲ್ಲರೂ ಎಡವುವುದು ಇಲ್ಲೇ. ಅಂಗಡಿ ಮುಂದೆ ಒಂದು ಸುತ್ತು ಹೊಡೆದು ‘ಚೆನ್ನಾಗಿದೆ’ ಅನ್ನುತ್ತಾರೆ. ಹೊಸ ಸೈಕಲ್ ಒಂದು ಸುತ್ತಿಗೆ ಚೆನ್ನಾಗಿಯೇ ಇರುತ್ತದೆ!

ಹತ್ತುವ ಮೊದಲು ಸೈಕಲ್ ಮೈಮೇಲೆ ಕೈಯಾಡಿಸಿ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಅಲ್ಲಿ ಬಿಗಿ ಸಾಲದು. ಚಕ್ರ ಎತ್ತಿ ಗಿರ್ರೆಂದು ತಿರುಗಿಸಿ, ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ನೋಡಿ. ಸಂದು ಒಮ್ಮೆ ಕಿರಿದು ಒಮ್ಮೆ ಅಗಲ ಆಗುತ್ತಿದ್ದರೆ ರಿಮ್ ಬೆಂಡಾಗಿದೆ. ಡಿಸ್ಕ್ ಬ್ರೇಕಾದರೆ (ರಿಮ್ಮಿನ ಬದಲು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವಂಥದ್ದು) ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕವೆಯ, ಹತ್ತಿರ ರಿಮ್ಮಿನ ಪಕ್ಕ ಬೆರಳಿಟ್ಟು ಇದನ್ನೇ ನೋಡಬಹುದು. ಹೊಸದರಲ್ಲಿ ಇದೆಲ್ಲ ಇರುತ್ತಾ ಅಂತ ಕೇಳಬೇಡಿ. ಒಂದು ಅಂಗಡಿಯಲ್ಲಿ ಫೋರ್ಕನ್ನೇ ಹಿಂದುಮುಂದಾಗಿ ಕೂರಿಸಿ ಮಾರಾಟಕ್ಕಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಬಾಗಿದ ಫೋರ್ಕಿನ ಬಾಗು ಯಾವಾಗಲೂ ಮುಂದಕ್ಕಿರಬೇಕು.

ಈಗ ಸೀಟು. ಅಂಗಡಿಯವರು ಕೊಟ್ಟ ಎತ್ತರದಲ್ಲೇ ಓಡಿಸಬೇಡಿ, ಅದು ಹಿಂದೆ ಬಂದವರ ಎತ್ತರ. ಟೇಪ್ ಹಿಡಿದು ನಿಮ್ಮ ಅಳತೆಗೆ ತರಿಸಿ. ಸೀಟಿನ ಕೋಲಿನ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಅದು ಹೊರಗೆ ಕಾಣುವಷ್ಟು ಎತ್ತಬೇಕಾಗಿ ಬಂದರೆ ಆ ಫ್ರೇಮ್ ನಿಮಗೆ ಚಿಕ್ಕದು. ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ, ಪೆಡಲ್ ತೀರಾ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿದರೆ ಮಂಡಿ ಸ್ವಲ್ಪ ಮಡಚಿರುತ್ತದೆ. ಕೂತವರಿಗೆ ತಮ್ಮ ಮಂಡಿ ಕಾಣದು. ಫೋನ್ ಹಿಡಿದ ಗೆಳೆಯ ಕೆಲಸಕ್ಕೆ ಬರುವುದು ಈಗ. ಪಕ್ಕದಿಂದ ಹತ್ತು ಸೆಕೆಂಡ್ ವಿಡಿಯೊ ತೆಗೆಯಲಿ. ಹಿಂದಿನಿಂದಲೂ ಒಂದು ತೆಗೆಯಲಿ. ಸೊಂಟ ಎಡಕ್ಕೂ ಬಲಕ್ಕೂ ವಾಲಾಡುತ್ತಿದ್ದರೆ ಸೀಟು ಎತ್ತರ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಕನಿಷ್ಠ ಹತ್ತು ನಿಮಿಷ ಓಡಿಸಿ. ಏರು ಇರುವ ರಸ್ತೆ ಹುಡುಕಿ, ಎಲ್ಲಾ ಗೇರೂ ಹಾಕಿ ಇಳಿಸಿ. ಅಂಗೈ ಜೋಮು ಹಿಡಿಯುತ್ತಿದ್ದರೆ ಮೈಭಾರವೆಲ್ಲ ಕೈ ಮೇಲೆ ಬೀಳುತ್ತಿದೆ, ಹ್ಯಾಂಡಲ್ ದೂರವಾಗಿದೆ ಅಥವಾ ತಗ್ಗಾಗಿದೆ. ಸೀಟಿನಿಂದ ಇಳಿದು ಕಂಬಿಯ ಆಚೀಚೆ ಎರಡೂ ಕಾಲು ನೆಲಕ್ಕೂರಿ ನಿಂತಾಗ ಮೇಲಿನ ಕಂಬಿಗೂ ತೊಡೆಸಂದಿಗೂ ನಡುವೆ ಎರಡು ಬೆರಳಾದರೂ ಜಾಗ ಇರಲಿ.

ಅಂದಹಾಗೆ, ಟಾರ್ ರಸ್ತೆಗೆ ಸ್ಪ್ರಿಂಗ್ ಇರುವ ಅಗ್ಗದ ಫೋರ್ಕ್ ಬೇಡವೇ ಬೇಡ. ಭಾರ ಜಾಸ್ತಿ, ಎದ್ದು ತುಳಿದರೆ ನಿಮ್ಮ ಬಲವನ್ನೇ ಅದು ನುಂಗುತ್ತದೆ. ಮೆತ್ತನೆಯ ಜೆಲ್ ಸೀಟ್ ಕವರನ್ನೂ ಜೊತೆಗೆ ತಗುಲಿಸಲು ನೋಡುತ್ತಾರೆ. ದೂರ ಹೋದಾಗ ಕುಂಡಿಯ ಮೂಳೆ ಅದರಲ್ಲಿ ಹೂತುಹೋಗಿ ಒತ್ತಡ ಬೀಳಬಾರದ ಕಡೆ ಬೀಳುತ್ತದೆ.

ನೋಟ್‌ಬುಕ್. ಪ್ರತಿ ಅಂಗಡಿಯಿಂದ ಹೊರಬಿದ್ದ ಕೂಡಲೇ ಬರೆಯಿರಿ. ಮೂರನೇ ಅಂಗಡಿ ಹೊತ್ತಿಗೆ ಎಲ್ಲಾ ಕಲಸುಮೇಲೋಗರ ಆಗಿರುತ್ತದೆ. ಚಕ್ರದ ಸೈಜ್ ಬರೆಯುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 37-622 ಥರದ ಸಂಖ್ಯೆಯನ್ನೇ ಬರೆಯಿರಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರ್ ರಿಮ್ಮಿಗೆ ಕೂರುವಲ್ಲಿನ ವ್ಯಾಸ, ಎರಡೂ ಮಿ.ಮೀ. ಲೆಕ್ಕದಲ್ಲಿ. ಒಂದು ಕಡೆ 29 ಇಂಚು ಅನ್ನುತ್ತಾರೆ, ಇನ್ನೊಂದು ಕಡೆ 700ಸಿ ಅನ್ನುತ್ತಾರೆ. ಎರಡೂ 622ರದ್ದೇ!

ಕೊನೆಗೆ. ಎಲ್ಲಾದರೂ ಕೂತು ವಿಡಿಯೊ ನೋಡಿ, ತೀರ್ಮಾನಿಸಿ, ಆ ಅಂಗಡಿಗೆ ಮತ್ತೆ ಹೋಗಿ. ನೀವು ಓಡಿಸಿದ ಸೈಕಲನ್ನೇ ಕೇಳಿ, ಡಬ್ಬದಿಂದ ತೆಗೆದದ್ದಾದರೆ ಪರೀಕ್ಷೆ ಮೊದಲಿಂದ ಮಾಡಿ. ಹೊಸ ಕೇಬಲ್‌ಗಳು ಕೆಲವು ವಾರದಲ್ಲಿ ಸಡಿಲವಾಗುತ್ತವೆ. ಮೊದಲ ಸರ್ವಿಸ್ ಬಿಟ್ಟಿಯಾ ಅಂತ ಬಿಲ್ ಹಾಕಿಸುವ ಮೊದಲೇ ಕೇಳಿ. ಮನೆಗೆ ತುಳಿದುಕೊಂಡೇ ಬರುವುದು ಒಳ್ಳೆಯದು. ಕಾರಿಗೆ ತುಂಬಲು ಪೆಡಲ್ ಬಿಚ್ಚಬೇಕಾದರೆ ನೆನಪಿರಲಿ, ಎಡಗಡೆ ಪೆಡಲಿನ ತಿರುಪಿನ ಮರೆ ಉಲ್ಟಾ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸ್ಪ್ಯಾನರ್ ತಿರುಗಿಸಬೇಕು.