ಅಮೆರಿಕದ ಕಾಲ್, ಮಕ್ಕಳ ಊಟ: ಹೊತ್ತು ಹೊಂದಿಸುವುದು ಹೇಗೆ?

ಅಮೆರಿಕದ ತಂಡದ ಜೊತೆ ಕೆಲಸ ಮಾಡುವ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಪೀಕಲಾಟ ಶುರುವಾಗುವುದೇ ಸಂಜೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗ್ಗೆ 9 ಅಂದರೆ ನಮಗೆ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದೇ ಮೀಟಿಂಗ್ ನಮಗೆ 7.30ಕ್ಕೆ, ಸರಿಯಾಗಿ ಮಕ್ಕಳ ಊಟದ ಹೊತ್ತಿಗೆ ಬರುತ್ತದೆ. ಮಾರ್ಚ್ ಎರಡನೇ ಭಾನುವಾರದ ತನಕ ಇದೇ ಪಾಡು.

ಮೊದಲು ಗಂಡ ಹೆಂಡತಿ ಇಬ್ಬರೂ ಕೂತು ತಮ್ಮ ಕ್ಯಾಲೆಂಡರ್‌ಗಳನ್ನು ಒಟ್ಟಿಗೆ ನೋಡಿ. ಇಡೀ ಸಂಜೆ ಉಳಿಸಿಕೊಳ್ಳಲು ಹೋಗಬೇಡಿ, ಆಗುವುದಿಲ್ಲ. ಒಂದೂವರೆ ಗಂಟೆ ಸಾಕು. ಊಟ, ಹೋಮ್‌ವರ್ಕ್, ಮಲಗಿಸುವುದು ಯಾವ ದಿನ ಯಾರ ಪಾಲಿಗೆ ಅಂತ ಬರೆದಿಡಿ. ‘ಯಾರು ಫ್ರೀ ಇದ್ದಾರೋ ಅವರು ಮಾಡಲಿ’ ಅಂತ ಬಿಟ್ಟರೆ ಕೊನೆಗೆ ಎಲ್ಲ ಅಮ್ಮನ ತಲೆಗೇ ಬರುತ್ತದೆ, ಅಲ್ವಾ?

ಆಮೇಲೆ ಆ ಹೊತ್ತನ್ನು ಆಫೀಸ್ ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿ, ಮ್ಯಾನೇಜರಿಗೆ ತಿಳಿಸಿ. ಸುಮ್ನೆ ‘ಆಗಲ್ಲ’ ಅನ್ನಬೇಡಿ, ಬದಲಿ ಹೊತ್ತು ಹೇಳಿ. ‘ಚಳಿಗಾಲ ಮುಗಿಯುವ ತನಕ ಮೀಟಿಂಗನ್ನು ನಿಮ್ಮ 11 ಗಂಟೆಗೆ ಇಡೋಣವೇ? ನನಗೆ ಆಗ ರಾತ್ರಿ 9.30’ ಅಂದರೆ ಮಾತು ಮುಂದುವರಿಯುತ್ತದೆ. ಒಪ್ಪದಿದ್ದರೆ ವಾರಕ್ಕೆ ಎರಡು ದಿನ ಬಿಟ್ಟುಕೊಡಿ, ಮೂರು ಉಳಿಸಿಕೊಳ್ಳಿ.

ಇನ್ನು ಫೋನು. ಹೆಚ್ಚಿನವರು ಸೋಲುವುದು ಇಲ್ಲೇ. ‘ಡು ನಾಟ್ ಡಿಸ್ಟರ್ಬ್’ ತಾನಾಗೇ ಆನ್ ಆಗುವಂತೆ ಟೈಮ್ ಹಾಕಿ. ಅಜ್ಜ ಅಜ್ಜಿಯ ನಂಬರಿಗೆ ಮಾತ್ರ ವಿನಾಯಿತಿ ಕೊಡಿ. ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿದರೆ ರಿಂಗ್ ಆಗುವ ಆಯ್ಕೆಯೂ ಅಲ್ಲೇ ಇದೆ. ‘ಸರ್ವರ್ ಬಿದ್ದರೆ ಎರಡು ಸಲ ಮಾಡಿ’ ಅಂತ ತಂಡಕ್ಕೆ ಹೇಳಿಬಿಡಿ. ಆಫೀಸಿನ ವಾಟ್ಸಾಪ್ ಗ್ರೂಪಿಗೆ ‘ಯಾವಾಗಲೂ’ ಮ್ಯೂಟ್ ಇರಲಿ. ಗುಡ್‌ನೈಟ್ ಹೂವಿನ ಚಿತ್ರ ತಪ್ಪಿಹೋದರೆ ನಷ್ಟವೇನಿಲ್ಲ.

ಕಾಲ್ ಇರುವ ದಿನ ಮಕ್ಕಳಿಗೆ ‘ಐದೇ ನಿಮಿಷ’ ಅನ್ನಬೇಡಿ. ಅದು ಐದು ನಿಮಿಷ ಅಲ್ಲ ಅಂತ ಅವರಿಗೂ ಗೊತ್ತು. ದೊಡ್ಡ ಮುಳ್ಳು ಎಲ್ಲಿಗೆ ಬಂದಾಗ ಹೊರಗೆ ಬರುತ್ತೀರಿ ಅಂತ ಗಡಿಯಾರದಲ್ಲಿ ತೋರಿಸಿ, ಆ ಹೊತ್ತಿಗೆ ಬನ್ನಿ.

ಮಗು ಇನ್ನೂ ಚಿಕ್ಕದಿದ್ದರೆ ಹಗಲಿನ ಚಿಂತೆಯೂ ಸೇರುತ್ತದೆ. ಹೆರಿಗೆ ಸವಲತ್ತು ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ನಿಮ್ಮ ಆಫೀಸಿನಲ್ಲಿ ಇದು ಕಾಣದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ. ಬಾಯಿಮಾತಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.