ಇವತ್ತು ಯಾರ ಹತ್ತಿರ ಹೋಗಲಿ, ಕರ್ತನೇ?

ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಭಾನುವಾರ ಚರ್ಚಿನ ಸಭೆ, ವಾರದ ನಡುವೆ ಮನೆ ಪ್ರಾರ್ಥನೆ. ಪಾಸ್ಟರ್ ಅಲ್ಲ, ಬೋಧನೆ ಮಾಡಲು ಓದಿದವನೂ ಅಲ್ಲ. ಆದರೆ ಮನಸ್ಸು ಕುಗ್ಗಿದವರ ಹತ್ತಿರ ಹೋಗಿ ಕೂತು ಧೈರ್ಯ ಹೇಳುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. "ಹೋದಾಗ ಏನು ಮಾತಾಡ್ತೀರಣ್ಣ? ಯಾರ ಮನೆಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಸಭೆಯ ಹುಡುಗರು ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೇವರ ನಡೆಸುವಿಕೆ ಬೇರೆ, ಇನ್ನೊಬ್ಬರನ್ನು ಸಂತೈಸುವುದು ಬೇರೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಯಾವ ಕೆಲಸಕ್ಕೆ ಸೇರಲಿ, ಸೈಟು ಕೊಳ್ಳಲಾ ಬೇಡವಾ, ಮಗಳನ್ನು ಯಾರ ಮನೆಗೆ ಕೊಡಲಿ, ಇವಕ್ಕೆಲ್ಲ ದೇವರ ಚಿತ್ತ ಕೇಳುತ್ತೇವೆ. ಕಷ್ಟದಲ್ಲಿರುವವರನ್ನು ಮಾತಾಡಿಸುವುದನ್ನು ಬಿಡುವಾದಾಗ ಮಾಡುವ ಸೇವೆ ಅಂತ ಪಕ್ಕಕ್ಕೆ ಇಡುತ್ತೇವೆ. ನನಗಂತೂ ಇವೆರಡೂ ಒಂದೇ. ಎಲ್ಲಿಗೆ ಹೋಗಲಿ, ಏನು ಮಾಡಲಿ ಅಂತ ದೇವರನ್ನು ಕೇಳಿದಾಗ ಹೆಚ್ಚಾಗಿ ನನ್ನ ಮನಸ್ಸಿಗೆ ಬಂದದ್ದು ಒಬ್ಬರ ಹೆಸರು.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ನೋಡಿ. ಅಪೊಸ್ತಲ ಪೌಲನಿಗೆ ಆಸ್ಯಸೀಮೆಯಲ್ಲಿ ದೇವರ ವಾಕ್ಯ ಸಾರಲು ಪವಿತ್ರಾತ್ಮನು ಬಿಡಲಿಲ್ಲ. ಬಿಥೂನ್ಯದ ಕಡೆ ಹೊರಟರೆ ಅಲ್ಲೂ ಆಗಲಿಲ್ಲ. ತ್ರೋವದಲ್ಲಿ ರಾತ್ರಿ ಒಂದು ದರ್ಶನ: ಮಕೆದೋನ್ಯದವನೊಬ್ಬ ನಿಂತು, ಬಂದು ನಮಗೆ ಸಹಾಯ ಮಾಡು ಅಂತ ಬೇಡಿಕೊಂಡ. ಸಮುದ್ರ ದಾಟಿ ಫಿಲಿಪ್ಪಿಗೆ ಹೋದರೆ ಸಿಕ್ಕಿದ್ದು ದೊಡ್ಡ ಸಭೆಯಲ್ಲ. ಊರ ಹೊರಗೆ ಹೊಳೆದಂಡೆಯಲ್ಲಿ ಸೇರಿದ್ದ ಕೆಲವು ಹೆಂಗಸರು, ಅವರ ನಡುವೆ ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯ. ಎರಡು ದಾರಿ ಮುಚ್ಚಿ ಒಂದು ದಾರಿ ತೆರೆದು ದೇವರು ಪೌಲನನ್ನು ಕರೆದುಕೊಂಡು ಹೋದದ್ದು ಆಕೆಯ ಹತ್ತಿರ. ಈ ಅಧ್ಯಾಯ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಬೆಳಿಗ್ಗೆ ಮಂಡಿಗೆ ಹೊರಡುವ ಮುಂಚೆ ಸತ್ಯವೇದದ ಒಂದು ಭಾಗ ಓದುತ್ತೇನೆ. ಎಲ್ಲಿ ಬೇಕೋ ಅಲ್ಲಿ ತೆರೆದು ಓದುವುದಿಲ್ಲ, ನಿನ್ನೆ ಬಿಟ್ಟ ಕಡೆಯಿಂದ ಮುಂದಕ್ಕೆ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ಇವತ್ತು ಯಾರ ಹತ್ತಿರ ಹೋಗಲಿ, ಕರ್ತನೇ? ಯಾವ ದನಿಯೂ ಕೇಳಿಸುವುದಿಲ್ಲ. ಎಷ್ಟೋ ಸಲ ಯಾರ ನೆನಪೂ ಬರುವುದಿಲ್ಲ. ಬಂದರೆ ಆ ಹೆಸರನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು, ಅವರಿಗಾಗಿ ಪ್ರಾರ್ಥಿಸಿ, ಆವತ್ತೇ ಏನಾದರೂ ಮಾಡುತ್ತೇನೆ. ಹೋಗಲು ಆಗದಿದ್ದರೆ ಫೋನು. ಫೋನಿಗೂ ಸಿಗದಿದ್ದರೆ ಮನೆಯವರ ಹತ್ತಿರ ಒಂದು ಮಾತು ಹೇಳಿ ಕಳಿಸುತ್ತೇನೆ. ಇಬ್ರಿಯರಿಗೆ ಬರೆದ ಪತ್ರದ 3:13ರಲ್ಲಿ, "ಈಹೊತ್ತು" ಅನ್ನೋದು ಇರುವಾಗಲೇ ದಿನಾಲೂ ಒಬ್ಬರನ್ನೊಬ್ಬರು ಎಚ್ಚರಿಸಿ ಅಂತ ಇದೆ. ನಾಳೆಗೆ ಇಟ್ಟ ಹೆಸರು ಸಾಮಾನ್ಯವಾಗಿ ಮುಂದಿನ ತಿಂಗಳಿಗೆ ಹೋಗುತ್ತದೆ. ಅದಕ್ಕೇ ಆವತ್ತೇ ಅನ್ನುವುದು.

ಒಂದು ದಿನದ ಸಂಗತಿ ಹೇಳುತ್ತೇನೆ. ನಮ್ಮ ಮಂಡಿಗೆ ಬರುವ ರೈತರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಆವತ್ತು ರೇಟು ಬಿದ್ದುಹೋಗಿತ್ತು. ಬಿಡಿಸಿದ ಕೂಲಿ, ಟೆಂಪೊ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಮುಳಬಾಗಿಲು ಕಡೆಯ ಒಬ್ಬ ರೈತರು ಹರಾಜು ಮುಗಿದ ಮೇಲೂ ಹೋಗಿರಲಿಲ್ಲ. ಖಾಲಿ ಕ್ರೇಟು ಮಗುಚಿ ಹಾಕಿ ಅದರ ಮೇಲೆ ಕೂತಿದ್ದರು. ಟೊಮೆಟೊ ಗಿಡ ಮುಟ್ಟಿ ಮುಟ್ಟಿ ಬೆರಳೆಲ್ಲ ಹಸಿರುಗಪ್ಪು. ನಾನೇ ಬರೆದುಕೊಟ್ಟ ಬಿಲ್ಲನ್ನು ಮಡಚುತ್ತಿದ್ದರು, ಬಿಚ್ಚಿ ನೋಡುತ್ತಿದ್ದರು, ಮತ್ತೆ ಮಡಚುತ್ತಿದ್ದರು. ಬೆಳಿಗ್ಗೆ ಯಾರ ಹೆಸರೂ ನೆನಪಿಗೆ ಬಂದಿರಲಿಲ್ಲ. ಇವರನ್ನು ನೋಡಿದ ತಕ್ಷಣ, ಇವರೇ ಅಂತ ಮನಸ್ಸಿಗೆ ಬಂತು.

ಎರಡು ಟೀ ತರಿಸಿ ಪಕ್ಕದಲ್ಲಿ ಇನ್ನೊಂದು ಕ್ರೇಟು ಹಾಕಿಕೊಂಡು ಕೂತೆ. ಅವರ ಮನೆಮಾತು ತೆಲುಗು, ತೆಲುಗಿನಲ್ಲೇ ಮಾತಾಡಿಸಿದೆ. ದುಃಖದಲ್ಲಿರುವವರನ್ನು ಅವರ ಮನೆಮಾತಿನಲ್ಲಿ ಮಾತಾಡಿಸಿದರೆ ಅರ್ಧ ಭಾರ ಇಳಿಯುತ್ತದೆ, ನಮ್ಮ ಜಿಲ್ಲೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವುದೇ. ಊಟ ಆಯಿತಾ ಅಂತ ಕೇಳಿದೆ. ಆಗಿರಲಿಲ್ಲ. ರೇಟಿನ ಮಾತು ನಾನು ಎತ್ತಲಿಲ್ಲ. ಅವರೇ ಎತ್ತಿದರು, ಸಾಲದ ಮಾತೂ ಬಂತು. ಎಲ್ಲ ಕೇಳಿಸಿಕೊಂಡ ಮೇಲೆ ನನಗೆ ಗೊತ್ತಿದ್ದ ಒಂದು ನಿಜ ಹೇಳಿದೆ. "ನಿಮ್ಮ ಬಾಕ್ಸಿನಲ್ಲಿ ಮೇಲೊಂದು ಕಾಯಿ ಕೆಳಗೊಂದು ಕಾಯಿ ಇರಲ್ಲ. ನಿಮ್ಮ ಹೆಸರು ಕೇಳಿದರೆ ವ್ಯಾಪಾರಸ್ಥರು ಬಾಕ್ಸು ಸುರಿದು ನೋಡಲ್ಲ. ಇವತ್ತು ದುಡ್ಡು ಹೋಗಿದೆ, ಆ ಹೆಸರು ಹೋಗಿಲ್ಲ." ಅವರು ಬಿಲ್ಲನ್ನು ಜೇಬಿಗೆ ಹಾಕಿಕೊಂಡರು. ನಾನು ನಂಬುವ ದೇವರಿಗೆ ನಿಮ್ಮ ಬಗ್ಗೆ ಹೇಳುತ್ತೇನೆ, ಆಗಬಹುದಾ ಅಂತ ಕೇಳಿದೆ. ತಲೆ ಆಡಿಸಿದರು. ಅಲ್ಲೇ ಎರಡು ಮಾತಿನ ಪ್ರಾರ್ಥನೆ. ಊಟ ಮಾಡಿಸಿ ಬಸ್ಸು ಹತ್ತಿಸಿದೆ. ರಾತ್ರಿ ಮನೆಗೆ ಫೋನ್ ಮಾಡಿ ತಲುಪಿದರಾ ಅಂತ ವಿಚಾರಿಸಿದೆ. ಆ ರಾತ್ರಿಯ ಫೋನು ಬಹಳ ಮುಖ್ಯ. ಸಾಲದ ಚಿಂತೆಯಲ್ಲಿರುವ ಮನುಷ್ಯನನ್ನು ರಾತ್ರಿ ಒಬ್ಬನೇ ಬಿಡಬಾರದು ಅಂತ ಮನೆಯವರಿಗೂ ಹೇಳಿದೆ.

ಮಂಡಿಯಲ್ಲಿ ಇದ್ದವನಿಗೆ ಇನ್ನೊಂದು ಪಾಠ ತಾನಾಗೇ ಸಿಗುತ್ತದೆ. 2023ರ ಜುಲೈನಲ್ಲಿ ಇದೇ ಅಂಗಳದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಬಾಕ್ಸಿಗೆ ಐವತ್ತು ಕೇಳುವವರಿಲ್ಲದೆ ರಸ್ತೆ ಪಕ್ಕ ಸುರಿದು ಹೋದದ್ದನ್ನೂ ಕಂಡಿದ್ದೇನೆ. ರೇಟಿನ ಮೇಲೆ ಭರವಸೆ ಇಟ್ಟರೆ ಮನಸ್ಸು ರೇಟಿನ ಜೊತೆಗೇ ಏರಿ ಇಳಿಯುತ್ತದೆ. ಹಾಗಂತ ನಷ್ಟವಾದವರ ಮುಂದೆ ನಿಂತು "ಭರವಸೆ ಇಡಿ, ಮುಂದಿನ ಬೆಳೆಗೆ ರೇಟು ಬರುತ್ತೆ" ಅಂತ ನಾನು ಹೇಳುವುದಿಲ್ಲ. ಅದು ನನ್ನ ಕೈಯಲ್ಲಿಲ್ಲ. ದೇವರು ಅಂಥ ಮಾತು ಕೊಟ್ಟಿಲ್ಲ. ಜೊತೆಗಿರುತ್ತೇನೆ ಅಂತ ಕೊಟ್ಟ ಮಾತಿದೆ, ಅದನ್ನು ಹೇಳಬಹುದು.

ಹೇಳಬಾರದ ಮಾತುಗಳ ಬಗ್ಗೆ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ. ಸಾವಿನ ಮನೆಗೆ ಹೋಗಿ ಮೊದಲನೇ ದಿನವೇ "ಎಲ್ಲಾ ದೇವರ ಚಿತ್ತ" ಅನ್ನಬೇಡಿ. ನಿಜವಾದ ಮಾತೇ ಇರಬಹುದು, ಆದರೆ ಅದನ್ನು ಹೇಳುವ ಹಕ್ಕು ಕಳೆದುಕೊಂಡವರಿಗಿದೆ, ನೋಡಲು ಬಂದವರಿಗಿಲ್ಲ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು ಕಾರಣ ಹುಡುಕಲು ಹೊರಟ ಮೇಲೆ ಕೆಟ್ಟಿತು. ಪ್ರವಾದಿ ಎಲೀಯನ ವಿಷಯವೂ ಹಾಗೇ. ಸಾಕಪ್ಪಾ, ಪ್ರಾಣ ತೆಗೆದುಕೋ ಅಂತ ಜಾಲಿ ಗಿಡದ ಕೆಳಗೆ ಮಲಗಿದ್ದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ನಮ್ಮಾಕೆ ಅದಕ್ಕೇ ಯಾರ ಮನೆಗೆ ಹೋದರೂ ಕ್ಯಾರಿಯರ್‌ನಲ್ಲಿ ಮುದ್ದೆ, ಬಸ್ಸಾರು ತುಂಬಿಕೊಳ್ಳುತ್ತಾಳೆ. ವಿಧವೆಯರ ಮನೆಗೆ ನಾನು ಒಬ್ಬನೇ ಹೋಗುವುದಿಲ್ಲ, ಆಕೆ ಜೊತೆಗೆ ಇರಲೇಬೇಕು. ಅಲ್ಲಿ ಮಾತೆಲ್ಲ ಆಕೆಯದೇ, ನಾನು ಕೊನೆಗೆ ಒಂದು ಕೀರ್ತನೆ ಓದುತ್ತೇನೆ ಅಷ್ಟೆ.

ಇನ್ನೊಂದು ವಿಷಯ. ಸಾವಿನ ಮನೆಯಲ್ಲಿ ಮೊದಲ ವಾರ ಜನವೋ ಜನ. ನೆಂಟರೆಲ್ಲ ಊರಿಗೆ ಹೋದ ಮೇಲೆ, ಪಿಂಚಣಿ ಅರ್ಜಿಗೆ ಅಲೆದಾಟ ಶುರುವಾದಾಗ, ಯಾರೂ ಇರುವುದಿಲ್ಲ. ನಾವು ಆಗ ಹೋಗುತ್ತೇವೆ. ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಇವನ್ನು ಒಂದು ಫೈಲಿಗೆ ಹಾಕಿಕೊಟ್ಟು ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವುದೂ ಸಂತೈಸುವ ಕೆಲಸವೇ.

ಇನ್ನು ದೊಡ್ಡ ತೀರ್ಮಾನಗಳ ವಿಷಯಕ್ಕೆ ಬರುತ್ತೇನೆ, ಹುಡುಗರು ಜಾಸ್ತಿ ಕೇಳುವುದು ಇದನ್ನೇ. ಹೊಸ ವರ್ಷದ ಆರಾಧನೆಯಲ್ಲಿ ಬೈಬಲಿನ ಒಂದು ವಚನ ಬರೆದ ವಾಗ್ದಾನದ ಕಾರ್ಡು ತೆಗೆದುಕೊಳ್ಳುತ್ತೇವಲ್ಲ, ನಮ್ಮ ಸಭೆಯ ಒಬ್ಬ ಹುಡುಗನಿಗೆ ಅಬ್ರಹಾಮನಿಗೆ ದೇವರು ಹೇಳಿದ ಮಾತು ಬಂತು: ಸ್ವದೇಶವನ್ನೂ ಬಂಧುಬಳಗವನ್ನೂ ಬಿಟ್ಟು ನಾನು ತೋರಿಸುವ ದೇಶಕ್ಕೆ ಹೊರಟು ಹೋಗು. ಐಟಿಐ ಮುಗಿಸಿದ್ದ. ಕೊಲ್ಲಿ ದೇಶಕ್ಕೆ ಕಳಿಸುತ್ತೇನೆ ಅಂತ ಒಬ್ಬ ಏಜೆಂಟು ದುಡ್ಡು ಕೇಳುತ್ತಿದ್ದ. "ಅಣ್ಣಾ, ದೇವರೇ ಹೇಳಿಬಿಟ್ಟ" ಅಂತ ಕಾರ್ಡು ಹಿಡಿದು ಬಂದ. ಅವನಪ್ಪ ಟೊಮೆಟೊ ತೋಟ ಅಡ ಇಡಲು ತಯಾರಾಗಿದ್ದರು.

ಕಾರ್ಡಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ಬೈಬಲಿನಲ್ಲೂ ಹಳೆಯ ಕಾರ್ಡುಗಳಿವೆ, ವರ್ಷವೆಲ್ಲ ಬಲ ಕೊಟ್ಟಿವೆ. ಆದರೆ ಒಂದು ಕಾರ್ಡಿನ ಮೇಲೆ ಅಪ್ಪನ ತೋಟ ಅಡ ಇಡಬಾರದು. "ದೇವರು ಹೇಳಿದ್ದರೆ ನಾವು ವಿಚಾರಿಸಿದ ಮಾತ್ರಕ್ಕೆ ಆತನ ಮಾತು ಸುಳ್ಳಾಗಲ್ಲ ಅಲ್ವಾ? ವಿಚಾರಿಸೋಣ" ಅಂದೆ. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ನಿನ್ನ ಬಗ್ಗೆ ದೇವರು ನನಗೆ ಹೀಗೆ ಹೇಳಿದ" ಅನ್ನುವ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಮಾತು ಕೇಳಿದವರು ಆಮೇಲೆ ಯೋಚಿಸುವುದನ್ನೇ ನಿಲ್ಲಿಸುತ್ತಾರೆ.

ಮೊದಲು ಅವನು, ಅವನ ಅಪ್ಪ ಅಮ್ಮ, ನಾನು ಸೇರಿ ಪ್ರಾರ್ಥಿಸಿದೆವು. ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೋದೆವು. ಹಿಂದೆ ಕುವೈತಿನಲ್ಲಿ ದುಡಿದು ಬಂದ ಒಬ್ಬ ಹಿರಿಯರ ಹತ್ತಿರವೂ ಹೋದೆವು. ಆಲೋಚನೆ ಹೇಳುವವರು ಬಹಳ ಮಂದಿ ಇದ್ದರೆ ಕಾರ್ಯ ಕೈಗೂಡುತ್ತದೆ ಅಂತ ಜ್ಞಾನೋಕ್ತಿಗಳಲ್ಲಿ ಸುಮ್ಮನೆ ಬರೆದಿಲ್ಲ. ಆ ಹಿರಿಯರೇ ದಾರಿ ತೋರಿಸಿದರು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ಕೇಂದ್ರದ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಅವರ ಹೆಸರು ಸಿಗಬೇಕು. ಸೇವಾ ಶುಲ್ಕ ಅಂತ ಅವರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಈ ಏಜೆಂಟು ಕೇಳಿದ್ದು ಅದರ ಎಷ್ಟೋ ಪಟ್ಟು. ನೋಂದಣಿ ಸಂಖ್ಯೆ ಕೊಡಿ ಅಂದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಹುಡುಗನಿಗೆ ತುಂಬ ಬೇಜಾರಾಯಿತು. ದೇವರು ಮೋಸ ಮಾಡಿದ ಅಂತಲೂ ಅಂದ. ಆ ಹೊತ್ತಿನಲ್ಲೇ ಅವನ ಜೊತೆ ಇರಬೇಕಾಗಿದ್ದು. ಅವನನ್ನು ಕರೆದುಕೊಂಡು ಹೋಗಿ ಪೌಲನ ಮುಚ್ಚಿದ ಬಾಗಿಲುಗಳ ಅಧ್ಯಾಯವನ್ನು ಇಬ್ಬರೂ ಓದಿದೆವು. ಮುಂದಿನ ದಾರಿ ಕಾಣುವವರೆಗೆ ಕೈಯಲ್ಲಿರುವ ಕೆಲಸ ಮಾಡು ಅಂದೆ. ಅಪ್ಪನ ತೋಟದಲ್ಲಿ ಗಿಡಕ್ಕೆ ಕಡ್ಡಿ ಕಟ್ಟಿದ, ಡ್ರಿಪ್ಪು ಸರಿಮಾಡಿದ. ಕೆಲವು ತಿಂಗಳಾದ ಮೇಲೆ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತೋಟ ಉಳಿಯಿತು. ಇದರಲ್ಲಿ ಯಾವ ಅದ್ಭುತವನ್ನೂ ನಾನು ಸೇರಿಸಿ ಹೇಳುತ್ತಿಲ್ಲ. ಸ್ವಂತ ಬುದ್ಧಿಯನ್ನೇ ನೆಚ್ಚಿಕೊಳ್ಳದೆ ಯೆಹೋವನಲ್ಲಿ ಭರವಸೆ ಇಡು ಅಂದರೆ ಬುದ್ಧಿಯನ್ನೇ ಉಪಯೋಗಿಸಬೇಡ ಅಂತ ಅರ್ಥವಲ್ಲ. ಹಿರಿಯರ ಅನುಭವ, ಸರ್ಕಾರದ ಒಂದು ಪಟ್ಟಿ, ಎತ್ತದೆ ಹೋದ ಒಂದು ಫೋನು, ಇವುಗಳ ಮೂಲಕವೂ ದೇವರು ನಡೆಸುತ್ತಾನೆ ಅಂತ ನಾನು ಮನಸಾರೆ ನಂಬುತ್ತೇನೆ.

ಇದೆಲ್ಲ ನಮ್ಮ ಊರಿಗೆ ಹೊಸದೂ ಅಲ್ಲ. 1876ರಿಂದ 78ರವರೆಗಿನ ಬರವನ್ನು ನಮ್ಮ ಕಡೆ ಧಾತು ಈಶ್ವರ ಬರ ಅನ್ನುತ್ತಿದ್ದರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಅನ್ನುವ ಮಿಷನರಿ ತಬ್ಬಲಿ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಆ ಕೆಲಸ ಮುಂದೆ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. 1910ರಲ್ಲಿ ಇಟಿಸಿಎಂ, ಅಂದರೆ ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್ ಆಸ್ಪತ್ರೆ ಆಯಿತು. ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋದಾಗ ನನಗೆ ಇದು ನೆನಪಾಗುತ್ತದೆ. ಮುಂದೆ ಇಷ್ಟೆಲ್ಲ ಬೆಳೆಯುತ್ತದೆ ಅಂತ ಆ ಬರದಲ್ಲಿ ಯಾರಿಗೆ ಗೊತ್ತಿತ್ತು? ಎದುರಿಗಿದ್ದ ಮಗುವಿಗೆ ಗಂಜಿ ಕೊಡಬೇಕು ಅನ್ನೋದು ಗೊತ್ತಿತ್ತು.

ನನ್ನನ್ನೂ ಹೀಗೆ ಹಿಡಿದೆತ್ತಿದವರಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಮನಸ್ಸು ಕುಸಿದಿತ್ತು. ಸಭೆಯ ಒಬ್ಬ ಅಜ್ಜಿ ಸಂಜೆ ಹೊತ್ತು ಫೋನ್ ಮಾಡಿ, ಊಟದ ವಿಷಯ ವಿಚಾರಿಸಿ, ಒಂದು ಸಣ್ಣ ಪ್ರಾರ್ಥನೆ ಮಾಡಿ ಇಡುತ್ತಿದ್ದರು. ಆ ಫೋನಿಗಾಗಿ ಕಾಯುತ್ತಿದ್ದೆ. ದೇವರು ನಮ್ಮನ್ನು ಸಂತೈಸುವುದು ನಾವು ಬೇರೆಯವರನ್ನು ಸಂತೈಸಲಿ ಅಂತ, 2 ಕೊರಿಂಥ 1:4ರ ಈ ಮಾತನ್ನು ಆ ಅಜ್ಜಿಯಿಂದಲೇ ಕಲಿತೆ.

ಈಗ ಶನಿವಾರ ಸಂಜೆ ನಾಲ್ಕಾರು ಹುಡುಗರು ಇಬ್ಬಿಬ್ಬರಾಗಿ ಹೋಗುತ್ತಾರೆ. ನರಸಾಪುರದ ಹುಡುಗನೂ ಶಿಫ್ಟು ಇಲ್ಲದಾಗ ಬರುತ್ತಾನೆ. ಬೇರೆ ಜಿಲ್ಲೆಗಳಿಂದ ಬಂದು ರೂಮು ಮಾಡಿಕೊಂಡಿರುವ ಜೊತೆ ಕೆಲಸದವರನ್ನು ಭಾನುವಾರ ಊಟಕ್ಕೆ ಕರೆತರುವುದು ಅವನ ಪಾಲಿನ ಕೆಲಸ. ಹೊರಡುವ ಮುಂಚೆ ನಾನು ಹೇಳುವುದು ಇಷ್ಟು: ಒಬ್ಬರ ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡಬೇಡಿ, ಪ್ರಾರ್ಥನೆಯ ನೆಪದಲ್ಲೂ ಬೇಡ. ಅರ್ಧ ಗಂಟೆ ಸಾಕು. ಪ್ರಾರ್ಥಿಸಬಹುದಾ ಅಂತ ಕೇಳಿ, ಬೇಡ ಅಂದರೆ ಮನೆಗೆ ಬಂದು ಪ್ರಾರ್ಥಿಸಿ. ಬಾಗಿಲು ತೆಗೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಬಂದಿದ್ದೆವು ಅಂತ ಪಕ್ಕದ ಮನೆಯಲ್ಲೂ ಹೇಳಬೇಡಿ. ಹೆಸರು ನೋಟ್‌ಬುಕ್ಕಿನಲ್ಲಿ ಹಾಗೇ ಇರಲಿ. ಮುಂದಿನ ವಾರ ಮೊದಲು ಫೋನ್ ಮಾಡಿ, "ಬರಬಹುದಾ?" ಅಂತ ಕೇಳಿ ಹೋಗಿ.