ಯಾವ ಲ್ಯಾಪ್‌ಟಾಪ್ ಯಾರ ಹತ್ರ? ಸಣ್ಣ ಕಚೇರಿಯಲ್ಲಿ ಕಂಪ್ಯೂಟರ್ ಲೆಕ್ಕ ಇಡುವುದು ಹೀಗೆ

ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರದ ಒಂದು ಸಣ್ಣ ಕಚೇರಿ. ಕೆಲಸ ಮಾಡುವವರು ಹನ್ನೊಂದು ಜನ. ಅಲ್ಲಿನ ಕಂಪ್ಯೂಟರ್ ಲೆಕ್ಕ ಈಗ ನನ್ನ ತಲೆ ಮೇಲಿದೆ. ಮೊದಲು ಯಾರ ತಲೆ ಮೇಲೂ ಇರಲಿಲ್ಲ. ಒಂದು ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲಿನ ಗಡಿಬಿಡಿ ನಡೆದಿರುವಾಗಲೇ, ತೂಕದ ಚೀಟಿ ತೆಗೆಯುವ ಕಂಪ್ಯೂಟರ್ ಕೈಕೊಟ್ಟಿತು. ಮದರ್‌ಬೋರ್ಡ್ ಹೋಗಿದೆ ಅಂದರು. ದುಡ್ಡು ಕೊಟ್ಟು ಹೊಸದು ಹಾಕಿಸಿದೆವು. ಎರಡು ತಿಂಗಳಾದ ಮೇಲೆ ಹಳೇ ಫೈಲಿನಲ್ಲಿ ಬಿಲ್ ಸಿಕ್ಕಿತು. ನೋಡಿದರೆ, ರಿಪೇರಿ ಮಾಡಿಸಿದ ದಿನ ವಾರಂಟಿ ಇನ್ನೂ ಐದು ತಿಂಗಳು ಬಾಕಿ ಇತ್ತು!

ಆಮೇಲೆ ಹಟ ಹಿಡಿದು ಪಟ್ಟಿ ಮಾಡಿದೆವು. ಅದೂ ಆರೇ ತಿಂಗಳಿಗೆ ಹಳಸಿತು. ಪಟ್ಟಿ ಮಾಡುವುದು ಒಂದು ದಿನದ ಕೆಲಸ. ವಸ್ತು ಕೈ ಬದಲಾಯಿಸಿದಾಗಲೆಲ್ಲ ಬರೆದಿಡುವುದೇ ನಿಜವಾದ ಕೆಲಸ ಅಂತ ಆಗ ಗೊತ್ತಾಯಿತು.

ಮೊದಲು ಎದ್ದು ಸುತ್ತಾಡಿ

ಕುರ್ಚಿಯಲ್ಲಿ ಕೂತು ನೆನಪಿನಿಂದ ಬರೆಯಬೇಡಿ. ನಮ್ಮ ಕಡೆ ಜುಲೈ ಮಳೆಯಲ್ಲಿ ಕಚೇರಿ ಕೆಲಸ ಕಡಿಮೆ, ಅದೇ ಸರಿಯಾದ ಸಮಯ. ಪ್ರತಿ ಮೇಜಿಗೂ ಹೋಗಿ, ಲ್ಯಾಪ್‌ಟಾಪ್ ತಿರುಗಿಸಿ, ಕೆಳಗಿನ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಕೈಯಲ್ಲಿ ಬರೆದುಕೊಂಡರೆ 8 ಯಾವುದು, ಬಿ ಯಾವುದು ಅಂತ ಆಮೇಲೆ ಪರದಾಟ. ಪ್ರೊಸೆಸರ್ ಮತ್ತು ರ‍್ಯಾಮ್ ಎಷ್ಟು ಅಂತ ತಿಳಿಯಲು ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಸಾಕು.

ಎಲ್ಲರೂ ಮರೆಯುವುದು ಸಣ್ಣ ವಸ್ತುಗಳನ್ನು. ಯುಪಿಎಸ್, ರೂಟರ್, ಬ್ಯಾಕಪ್ ಇಟ್ಟ ಹಾರ್ಡ್ ಡಿಸ್ಕ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್. ಟೋಕನ್ ನಿಮ್ಮ ಹತ್ರ ಇದೆಯಾ, ಆಡಿಟರ್ ಡ್ರಾಯರ್‌ನಲ್ಲಿದೆಯಾ? ನಮ್ಮದು ಡ್ರಾಯರ್‌ನಲ್ಲಿತ್ತು. ಯುಪಿಎಸ್ ಆದರೆ ಬ್ಯಾಟರಿ ಹಾಕಿಸಿದ ತಾರೀಖನ್ನೂ ಬರೆಯಿರಿ. ಗಾಳಿ ಮಳೆಗೆ ಕರೆಂಟ್ ಹೋದಾಗಲೇ ಅದರ ಬಂಡವಾಳ ಬಯಲಾಗುವುದು.

ನಂಬರ್ ಕೊಡಿ, ಹೆಸರಲ್ಲ

‘ಮ್ಯಾನೇಜರ್ ಲ್ಯಾಪ್‌ಟಾಪ್’ ಅಂತ ಬರೆದರೆ ಮ್ಯಾನೇಜರ್ ಬದಲಾದ ದಿನವೇ ಪಟ್ಟಿ ಸುಳ್ಳಾಗುತ್ತದೆ. 01, 02 ಅಂತ ಸುಮ್ನೆ ಒಂದು ನಂಬರ್ ಕೊಡಿ. ಚಾರ್ಜರಿಗೂ ಅದೇ ನಂಬರ್ ಅಂಟಿಸಿ, ಇಲ್ಲದಿದ್ದರೆ ಅದು ಅದಲು ಬದಲು ಆಗುವುದು ಗ್ಯಾರಂಟಿ. ಕಾಗದದ ಚೀಟಿ ಮಲೆನಾಡಿನ ಥಂಡಿಗೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಸ್ಟಿಕರ್ ತನ್ನಿ. ಗಾಳಿ ಹೋಗುವ ಕಿಂಡಿಯ ಮೇಲೆ ಅಂಟಿಸಬೇಡಿ.

ಈಗ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ನಂಬರ್, ಮಾಡೆಲ್, ಸೀರಿಯಲ್, ಕೊಂಡ ದಿನ, ಅಂಗಡಿ, ಬೆಲೆ, ವಾರಂಟಿ ಮುಗಿಯುವ ದಿನ. ಇವನ್ನು ಎಲ್ಲರೂ ಬರೆಯುತ್ತಾರೆ. ನಾನು ಜಾಸ್ತಿ ನಂಬುವುದು ಇನ್ನೆರಡು ಕಾಲಂಗಳನ್ನು: ‘ಈಗ ಯಾರ ಹತ್ರ’ ಮತ್ತು ‘ಕಣ್ಣಾರೆ ನೋಡಿದ ಕೊನೆಯ ದಿನ’. ಎರಡನೆಯದು ವರ್ಷ ದಾಟಿದ್ದರೆ ಆ ವಸ್ತು ಇದೆ ಅಂತ ನೀವು ಹೇಳುವುದು ಬರೀ ನಂಬಿಕೆ, ಅಲ್ವಾ?

ಬಿಲ್‌ನ ಫೋಟೋ ಕೂಡ ಅದೇ ನಂಬರಿನ ಫೋಲ್ಡರ್‌ಗೆ ಹೋಗಲಿ. ನುಣುಪು ಕಾಗದದ ಥರ್ಮಲ್ ಬಿಲ್ ವಾರಂಟಿಗಿಂತ ಮೊದಲೇ ಮಾಸಿ ಬಿಳಿಯಾಗುತ್ತದೆ.

ಸಾಫ್ಟ್‌ವೇರ್ ಬೇರೆ ಹಾಳೆಯಲ್ಲಿ

ಪೆಟ್ಟಿಗೆ ಕಣ್ಣಿಗೆ ಕಾಣುತ್ತದೆ, ಸಾಫ್ಟ್‌ವೇರ್ ಕಾಣುವುದಿಲ್ಲ. ಹೀಗಾಗಿ ಇಲ್ಲಿ ಎರಡು ಲೆಕ್ಕ ಬೇಕು: ಎಷ್ಟು ಕೊಂಡಿದ್ದೇವೆ, ಎಷ್ಟು ಕಡೆ ಹಾಕಿದ್ದೇವೆ. ಲೆಕ್ಕಪತ್ರದ ಟ್ಯಾಲಿಪ್ರೈಮ್‌ನಲ್ಲಿ ಸಿಲ್ವರ್ ಒಬ್ಬರ ಬಳಕೆಗೆ, ಗೋಲ್ಡ್ ಒಂದೇ ನೆಟ್‌ವರ್ಕ್‌ನ ಹಲವರಿಗೆ. ಕಂಪ್ಯೂಟರ್ ಜೊತೆಗೇ ಬರುವ ಒಇಎಂ ವಿಂಡೋಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಹೊಸದಕ್ಕೆ ಸಾಗಿಸುವಂತಿಲ್ಲ. ನಕಲಿ ಅಂತ ಗೊತ್ತಿದ್ದೂ ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್‌ನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ‘ನಮ್ಮೂರಲ್ಲಿ ಯಾರು ನೋಡ್ತಾರೆ’ ಅನ್ನುವವರಿಗೆ ಇದನ್ನು ಓದಿ ಹೇಳಿ.

ಪ್ರತಿ ಲೈಸೆನ್ಸ್ ಯಾವ ಇ-ಮೇಲ್‌ಗೆ ಸೇರಿದೆ ಅಂತ ತಪ್ಪದೆ ಬರೆಯಿರಿ. ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಸ್ವಂತ ಜಿಮೇಲ್‌ನಲ್ಲಿ ನಮ್ಮ ಆಂಟಿವೈರಸ್ ಮತ್ತು ವೆಬ್‌ಸೈಟ್ ಹೆಸರು ಎರಡೂ ಇದ್ದವು. ಅವನು ಒಳ್ಳೆಯವನು, ಒಂದು ಫೋನ್ ಮಾಡಿದ್ದಕ್ಕೇ ಬಿಟ್ಟುಕೊಟ್ಟ. ಪಾಸ್‌ವರ್ಡ್‌ಗಳನ್ನು ಮಾತ್ರ ಈ ಹಾಳೆಯಲ್ಲಿ ಬರೆಯಬೇಡಿ.

ವಿಂಡೋಸ್ ಯಾವುದು ಅಂತಲೂ ಒಂದು ಕಾಲಂ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಬೇಕು. ಪಟ್ಟಿ ಇದ್ದರೆ ಯಾವುದನ್ನು ಬದಲಿಸಬೇಕು ಅನ್ನುವುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಕೈ ಬದಲಾದಾಗ

ಇನ್ನೊಂದು ಹಾಳೆಗೆ ‘ಓಡಾಟ’ ಅಂತ ಹೆಸರಿಡಿ. ತಾರೀಖು, ನಂಬರ್, ಯಾರಿಂದ ಯಾರಿಗೆ, ಯಾಕೆ. ಅಷ್ಟೇ. ರಿಪೇರಿಗೆ ಕಳಿಸುವ ಮುಂಚೆ ಒಳಗಿನ ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಅಂತ ಚೀಟಿಯಲ್ಲಿ ಬರೆದು ಅಂಗಡಿಯವರ ಸಹಿ ಹಾಕಿಸಿ. ಕೆಲಸ ಬಿಡುವವರ ಕೊನೆಯ ಸಂಬಳಕ್ಕೂ ಮೊದಲು ಈ ಹಾಳೆ ನೋಡಿ. ಬರೆಯುವ ಹಕ್ಕು ಒಬ್ಬರಿಗೇ ಇರಲಿ, ಓದಲು ಎಲ್ಲರಿಗೂ ಕೊಡಿ. ಇಪ್ಪತ್ತು ಮೂವತ್ತು ಯಂತ್ರಗಳವರೆಗೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿಯಾದರೆ ಇದೇ ಲೆಕ್ಕ ಇಡುವ ಸ್ನೈಪ್-ಐಟಿ, ಜಿಎಲ್‌ಪಿಐ ಎಂಬ ಓಪನ್ ಸೋರ್ಸ್ ತಂತ್ರಾಂಶಗಳಿವೆ.

ವರ್ಷಕ್ಕೊಮ್ಮೆ ಮರು ಎಣಿಕೆಗೆ ನಮ್ಮಲ್ಲಿ ಮುಹೂರ್ತ ಹುಡುಕುವುದೇ ಬೇಡ, ಆಯುಧ ಪೂಜೆ ಇದೆ. ಮೂಲೆಯಲ್ಲಿ ಬಿದ್ದಿದ್ದ ಕೀಬೋರ್ಡ್ ಕೂಡ ಅವತ್ತು ಒರೆಸಿಕೊಂಡು ಹೊರಗೆ ಬರುತ್ತದೆ. ಕುಂಕುಮ ಹಚ್ಚುವ ಮುಂಚೆ ಒಬ್ಬರು ನಂಬರ್ ಕೂಗಲಿ, ಇನ್ನೊಬ್ಬರು ಟಿಕ್ ಹಾಕಲಿ. ಸೀರಿಯಲ್ ನಂಬರ್ ಮೇಲೆ ಮಾತ್ರ ಕುಂಕುಮ ಬೇಡ ಅಂತ ಮೊದಲೇ ಹೇಳಿಡಿ.

ಕೆಟ್ಟು ಹೋದದ್ದರ ಸಾಲನ್ನು ಅಳಿಸಬೇಡಿ, ‘ಗುಜರಿ’ ಅಂತ ಗುರುತು ಹಾಕಿ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40 ಸವಕಳಿ ಇದೆ, ಆಡಿಟರ್ ಕೇಳಿದಾಗ ಆ ಸಾಲು ಬೇಕಾಗುತ್ತದೆ. ಡಿಸ್ಕ್ ಅಳಿಸಿದ ಮೇಲೆ ಯಂತ್ರವನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಆ ರಸೀದಿಯ ಫೋಟೋವನ್ನೂ ಅದೇ ಫೋಲ್ಡರ್‌ಗೆ ಹಾಕಿ. ಹಳೇ ನಂಬರನ್ನು ಇನ್ನೊಂದು ಯಂತ್ರಕ್ಕೆ ಕೊಡಬೇಡಿ.